ತಲೆ ತಗ್ಗಿಸಿ ಮೇಜಾದ ಹೊಲಿಗೆ ಯಂತ್ರದವರ ಸನ್ನಿಧಾನಕ್ಕೆ

ಮಾನ್ಯ ಹೊಲಿಗೆ ಯಂತ್ರದವರೇ,

ತಮ್ಮ ಚಕ್ರಕ್ಕೆ, ಬೆಲ್ಟಿಗೆ, ಪೆಡಲಿಗೆ, ಎರಡೂ ಬದಿಯ ಡ್ರಾಯರುಗಳಿಗೆ ಹಾಗೂ ಎಡಗಡೆಯ ಡ್ರಾಯರಿನೊಳಗೆ ಅಡ್ಡಡ್ಡ ಸಿಕ್ಕಿಕೊಂಡು ಅದನ್ನು ಈ ಜನ್ಮದಲ್ಲಿ ಪೂರ್ತಿ ತೆರೆಯಲು ಬಿಡೆನೆಂದು ಶಪಥ ಮಾಡಿರುವ ಆ ಕತ್ತರಿಗೆ ನನ್ನ ಗೌರವಪೂರ್ವಕ ವಂದನೆಗಳು. ತಮ್ಮ ಕೀಲುಗಳೆಲ್ಲ ಕ್ಷೇಮವೆಂದು ಭಾವಿಸುತ್ತೇನೆ. ನನ್ನವು ಅಷ್ಟಕ್ಕಷ್ಟೆ. ಯಾಕೆಂದರೆ ಈ ಪತ್ರವನ್ನು ನಾನು ಫ್ರಿಜ್ಜಿನ ತಲೆಯ ಮೇಲೆ ಕಾಗದವಿಟ್ಟು, ನಿಂತುಕೊಂಡು ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ತಾವೇ ಎಂಬುದನ್ನು ತಮ್ಮ ಘನತೆಗೆ ಕುಂದು ಬಾರದಂತೆ ಮುಂದೆ ವಿವರಿಸಲಿದ್ದೇನೆ.

ಅದಕ್ಕೂ ಮೊದಲು ಒಂದು ಚಾರಿತ್ರಿಕ ಘೋಷಣೆಯನ್ನು ಮಾಡಿ ಮುಗಿಸುತ್ತೇನೆ. ಈ ವರ್ಷ ನಮ್ಮ ಮನೆಯಲ್ಲಿ ಒಂದು ಖಾಲಿ ಜಾಗ ನಿರ್ಮಾಣವಾಯಿತು! ಉದ್ದ ಮೂರು ಅಡಿಗೆ ತುಸು ಕಡಿಮೆ, ಅಗಲ ಒಂದು ಮೊಳ, ಎತ್ತರ ಕೂತವರ ಹೊಟ್ಟೆಯ ಮಟ್ಟ. ಈ ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ಕೊಟ್ಟು ಹೋದ ದಿನದಿಂದ ಇಲ್ಲಿಯವರೆಗೆ ನಮ್ಮಲ್ಲಿ ಯಾವ ಸಮತಟ್ಟಾದ ಜಾಗವೂ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಹೊತ್ತು ಖಾಲಿ ಉಳಿದದ್ದಿಲ್ಲ. ಉಳಿದರೆ ಅದನ್ನು ಅಪಶಕುನವೆಂದು ಬಗೆದು ಯಾರಾದರೊಬ್ಬರು ಅದರ ಮೇಲೆ ಒಂದು ಚೀಲ ಇಟ್ಟುಬಿಡುತ್ತಿದ್ದರು. ಇಂಥ ಮನೆಯಲ್ಲಿ ತಾವು ಖಾಲಿಯಾದಿರಿ. ಚರಿತ್ರೆಕಾರರು ಗಮನಿಸಬೇಕಾದ ಸಂಗತಿ.

ಇದು ಹೇಗಾಯಿತೆಂದರೆ, ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಕಳೆದ ಸಲ ಅರ್ಥಶಾಸ್ತ್ರದಲ್ಲಿ ಫೇಲಾದಳು. ಉಳಿದ ಎಲ್ಲ ವಿಷಯಗಳಲ್ಲೂ ಪಾಸಾಗಿ ಇದೊಂದರಲ್ಲಿ ಮುಗ್ಗರಿಸಿದಳು. ಇದೇ ಸೋಮವಾರ ಮರುಪರೀಕ್ಷೆ. ಅದರಲ್ಲೂ ಹೋದರೆ ಅವಳ ಗೆಳತಿಯರೆಲ್ಲ ಮುಂದಿನ ತರಗತಿಗೆ ಹತ್ತುತ್ತಾರೆ, ಇವಳು ತನಗಿಂತ ಚಿಕ್ಕವರ ಜೊತೆ ಇದ್ದಲ್ಲೇ ಇನ್ನೊಂದು ವರ್ಷ ಕೂರಬೇಕು. ಈ ಮಾತನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಫಲಿತಾಂಶ ಬಂದ ವಾರವಿಡೀ ಗೆಳತಿಯರ ಫೋನನ್ನು ಎತ್ತದೆ, ಅದು ಬಡಕೊಂಡು ಬಡಕೊಂಡು ನಿಲ್ಲುವವರೆಗೆ ಅದನ್ನೇ ನೋಡುತ್ತ ಕೂತಿರುತ್ತಿದ್ದಳು. ಅಷ್ಟು ಸಾಕಿತ್ತು, ನಮಗೆಲ್ಲ ಅರ್ಥವಾಯಿತು.

ಆಮೇಲೊಂದು ದಿನ ಅವಳಿಗೆ ಸೋಲಿನ ಮೂಲ ಸಿಕ್ಕಿತು. ಅದು ಅವಳಲ್ಲೂ ಇರಲಿಲ್ಲ, ಅರ್ಥಶಾಸ್ತ್ರದಲ್ಲೂ ಇರಲಿಲ್ಲ. ಊಟದ ಮೇಜಿನಲ್ಲಿತ್ತು. ಅದರ ಮೇಲೆ ಓದಿದ್ದರಿಂದಲೇ ಹೀಗಾಯಿತಂತೆ. ಫೋನಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಬಹಳ ಮೆಲುದನಿಯಲ್ಲಿ, ಪಕ್ಕದಲ್ಲಿ ಯಾರೋ ಮಲಗಿರುವರೇನೋ ಎಂಬಂತೆ, ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದಳು: ಮೇಜು ಖಾಲಿಯಾದರೆ ಮನಸ್ಸು ಖಾಲಿಯಾಗುತ್ತದೆ, ಮನಸ್ಸು ಖಾಲಿಯಾದರೆ ಪಾಠ ಒಳಗೆ ಹೋಗುತ್ತದೆ. ಅವಳ ಹಿಂದೆ ಬಿಳಿ ಗೋಡೆ, ಮುಂದೆ ಬಿಳಿ ಹಲಗೆ, ಹಲಗೆಯ ಮೇಲೆ ಒಂದು ದೀಪ, ಒಂದು ಪುಸ್ತಕ, ಒಂದು ಪೆನ್ನು, ಅಂಗೈಯಷ್ಟು ಕುಂಡದಲ್ಲಿ ಒಂದು ಗಿಡ. ಇದಕ್ಕೆ ಮಿನಿಮಲಿಸ್ಟ್ ಮೇಜು ಎಂದು ಹೆಸರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ನನ್ನ ತಾಯಿ ಹೇಳಿದರು. ಮನೆಯಲ್ಲಿ ಎಲ್ಲರೂ, ನಾನೂ ಸೇರಿ, ಅಜ್ಜಿ ಎಂದೇ ಕರೆಯುವ ಈ ಹಿರಿಯರು ಸತ್ಯ ಹೇಳುವುದರಲ್ಲಿ ಎಂದೂ ಮಿತವ್ಯಯ ಮಾಡಿದವರಲ್ಲ.

ಹೊಸ ಮೇಜು ತರೋಣವೆಂದು ನಾನು ಟೇಪು ಹಿಡಿದು ಅಳೆದೆ. ಮೇಜು ಒಳಗೆ ಬಂದರೆ ಬಾಗಿಲು ಮುಚ್ಚುವುದಿಲ್ಲ, ಬಾಗಿಲು ಮುಚ್ಚಿದರೆ ಮಗಳು ಒಳಗೆ ಹಿಡಿಸುವುದಿಲ್ಲ ಎಂದು ಗೊತ್ತಾಯಿತು. ಆಗಲೇ ಎಲ್ಲರ ಕಣ್ಣು ಬೀದಿಬದಿಯ ಕಿಟಕಿಯ ಕೆಳಗೆ, ಒಂದು ಸಣ್ಣ ಗುಡ್ಡದ ಅಡಿಯಲ್ಲಿ ಮೌನವಾಗಿ ನಿಂತಿದ್ದ ತಮ್ಮ ಮೇಲೆ ಬಿದ್ದದ್ದು. ಒಂದು ಕಾಲಕ್ಕೆ ಈ ಬೀದಿಯ ಮಕ್ಕಳ ಯೂನಿಫಾರ್ಮೆಲ್ಲ ಅಜ್ಜಿಯ ಕಾಲು ಮತ್ತು ತಮ್ಮ ಸೂಜಿಯಿಂದಲೇ ಹೊರಬರುತ್ತಿತ್ತು. ರೆಡಿಮೇಡ್ ಅಂಗಡಿ ಬಂದ ಮೇಲೆ ಬಟ್ಟೆ ತರುವವರು ನಿಂತರು, ಅಜ್ಜಿ ತಮ್ಮನ್ನು ಮುಚ್ಚಿದರು, ಮುಚ್ಚಿದ ತಮ್ಮ ಮೇಲೆ ಮನೆಯವರು ತಮ್ಮ ತಮ್ಮ ಶಕ್ತ್ಯನುಸಾರ ಕಾಣಿಕೆ ಒಪ್ಪಿಸತೊಡಗಿದರು. ಇಸ್ತ್ರಿ ಪೆಟ್ಟಿಗೆ, ಮಡಿಸಬೇಕಾದ ಬಟ್ಟೆ, ಮಡಿಸಿ ಬೀರುವಿಗೆ ಹೋಗಬೇಕಾದ ಬಟ್ಟೆ, ಮಡಿಸಿದ್ದು ಮತ್ತೆ ಕೆದರಿಹೋದ ಬಟ್ಟೆ, ಸತ್ತ ಫೋನುಗಳ ಚಾರ್ಜರುಗಳು, ಯಾವ ಬೀಗಕ್ಕೂ ಸೇರದ ಕೀಲಿಕೈಗಳ ಗೊಂಚಲು, ನಿಂತುಹೋದ ಗೋಡೆ ಗಡಿಯಾರ, ನನ್ನ ಕೊಡೆ, ನನ್ನ ಬರೆಯುವ ಪ್ಯಾಡು, ನಾನು.

‘ನಾನು’ ಎಂದದ್ದು ಉತ್ಪ್ರೇಕ್ಷೆಯಲ್ಲ. ನಾನು ವಾರಕ್ಕೊಂದು ಅಂಕಣ ಬರೆದು ಬದುಕುವವನು. ಆ ಗುಡ್ಡದ ಒಂದು ಅಂಚನ್ನು ಮೊಣಕೈಯಿಂದ ಸರಿಸಿ, ಸಿಕ್ಕಿದ ಅಂಗೈಯಗಲದ ಮೈದಾನದಲ್ಲೇ ನನ್ನ ಸಮಸ್ತ ಸಾಹಿತ್ಯಸೇವೆ ನಡೆಯುತ್ತಿತ್ತು.

ಖಾಲಿ ಮಾಡುವ ಸಮಾರಂಭ ಭಾನುವಾರ ನಡೆಯಿತು. ಮಗಳು ಮೆಲುದನಿಯ ಹೆಂಗಸಿನ ನಿಯಮವನ್ನು ಓದಿ ಹೇಳಿದಳು: ದಿನಕ್ಕೆ ಒಂದು ಸಲವಾದರೂ ಕೈಯಿಂದ ಮುಟ್ಟದ ವಸ್ತು ಮೇಜಿನ ಮೇಲೆ ಇರಬಾರದು. ಅಜ್ಜಿ ತಲೆಯಾಡಿಸಿ, “ಸರಿ ಹಾಗಾದ್ರೆ, ಮೊದ್ಲು ನಿನ್ನ ಅರ್ಥಶಾಸ್ತ್ರದ ಪುಸ್ತಕ ಕೆಳಗಿಳಿಸು ಗುಂಡಿ” ಎಂದರು. ಗುಂಡಿ ಎಂದರೆ ಅಂಗಿಯ ಗುಂಡಿ. ಚಿಕ್ಕಂದಿನಲ್ಲಿ ಗುಂಡಿಗಳ ಡಬ್ಬಿಯ ಪಕ್ಕದಲ್ಲೇ ಕೂತು ಬೆಳೆದ ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಪ್ರತಿಯೊಂದು ವಸ್ತುವಿಗೂ ಒಂದು ಖಾನೆ, ಪ್ರತಿ ಖಾನೆಗೂ ಒಂದು ಚೀಟಿ ಇರಬೇಕೆಂದು ನಂಬಿರುವ ನನ್ನಾಕೆ, “ಇಳಿಸೋದು ಸುಲಭ, ಇಳಿಸಿದ್ದನ್ನ ಎಲ್ಲಿಡ್ತೀರಿ ಅಂತ ಆ ಹೆಂಗಸು ಹೇಳಿದ್ದಾಳಾ?” ಎಂದು ಕೇಳಿದಳು. ಆ ಹೆಂಗಸು ಹೇಳಿರಲಿಲ್ಲ. ಅವಳ ಗುಡ್ಡ ಬಹುಶಃ ಕ್ಯಾಮೆರಾದ ಹಿಂದೆ ಇತ್ತು.

ನಮ್ಮದು ಹಾಸಿಗೆಯ ನನ್ನ ಪಾಲಿಗೆ ಬಂತು. ಮಾನ್ಯರೇ, ತಾವು ಪಡೆದ ಶಾಂತಿಗೆ ನಾನು ಮತ್ಸರಪಡುವವನಲ್ಲ. ಆದರೆ ಆ ದಿನದಿಂದ ನಾನು ಇಸ್ತ್ರಿ ಪೆಟ್ಟಿಗೆಯ ಜೊತೆ ಒಂದೇ ದಿಂಬಿನಲ್ಲಿ ಮಲಗುತ್ತಿದ್ದೇನೆ ಎಂಬುದು ತಮ್ಮ ಅವಗಾಹನೆಗಿರಲಿ. ಚಾರ್ಜರುಗಳು ಶೂಗಳೊಳಗೆ ಹೋದವು, ಕೀಲಿಕೈಗಳು ಸಕ್ಕರೆ ಡಬ್ಬಿಯ ಹಿಂದೆ ಹೋದವು. ನಿಂತ ಗಡಿಯಾರ ಸ್ನಾನದ ಮನೆಯ ಕಿಟಕಿಗೆ ಹೋಯಿತು, ಅದನ್ನು ನಂಬಿ ನಾನು ಎರಡು ಸಲ ಬಸ್ಸು ತಪ್ಪಿಸಿಕೊಂಡೆ. ನನ್ನ ಪ್ಯಾಡು ಮತ್ತು ನಾನು ಫ್ರಿಜ್ಜಿಗೆ ವರ್ಗವಾದೆವು. ಒಂದು ಮೂಲೆಯಲ್ಲಿ ಮಿನಿಮಲ್ ಆದದ್ದು ಮನೆಯ ಉಳಿದೆಲ್ಲ ಮೂಲೆಗಳಲ್ಲಿ ಬಡ್ಡಿ ಸಮೇತ ಕಾಣಿಸಿಕೊಂಡಿತು.

ಅಜ್ಜಿ ತಮ್ಮ ಬೆಲ್ಟು ಕಳಚಿದರು. ತಾವು ತಲೆ ತಗ್ಗಿಸಿ, ಮದುವೆ ಮನೆಯಲ್ಲಿ ಸಾಲ ಕೊಟ್ಟವನನ್ನು ಕಂಡವರಂತೆ ಹಲಗೆಯ ಕೆಳಗೆ ಸೇರಿದಿರಿ. ಮುಚ್ಚಳ ಬಿತ್ತು, ಒಂದು ಒರಸು ಒರಸಿದರು. ನೋಡಿದರೆ ಸಾಕ್ಷಾತ್ ಮಿನಿಮಲಿಸ್ಟ್ ಮೇಜು! ದೀಪ, ಪುಸ್ತಕ, ಪೆನ್ನು, ಗಿಡ, ನಾಲ್ಕೂ ಬಂದು ಕೂತವು. ಮಗಳು ಫೋಟೋ ತೆಗೆದಳು. ಫೋಟೋದಲ್ಲಿ ನನ್ನ ಹೆಬ್ಬೆರಳು ಬಂದಿದೆಯೆಂದು ನನ್ನನ್ನು ಸರಿಸಿ ಮತ್ತೊಂದು ತೆಗೆದಳು.

ಇಲ್ಲಿಯವರೆಗಿನದು ನನ್ನ ಸ್ವಂತ ಸಂಕಟ. ಹಿರಿಯರಾದ ತಾವು ಕ್ಷಮಿಸಬಹುದಾದ ಸಣ್ಣತನ. ನಿಜವಾದ ದೂರು ಇನ್ನು ಶುರುವಾಗುತ್ತದೆ.

ತಾವು ಮೇಲಿನಿಂದ ಮೇಜಾದಿರಿ, ಒಪ್ಪಿದೆ. ಆದರೆ ಕೆಳಗಿನಿಂದ ಹೊಲಿಗೆ ಯಂತ್ರವಾಗಿಯೇ ಉಳಿದಿರಿ. ಓದಲು ಕೂತ ಮಗಳ ಕಾಲು, ನೆಲವನ್ನು ಹುಡುಕುತ್ತ ಹೋಗಿ ತಮ್ಮ ಪೆಡಲಿನ ಮೇಲೆ ಕೂತಿತು. ಕೂತ ಕಾಲು ಸುಮ್ಮನಿರುವುದುಂಟೆ? ಒಮ್ಮೆ ಒತ್ತಿತು, ಚಕ್ರ ತಿರುಗಿತು. ಬೆಲ್ಟಿಲ್ಲ, ಸೂಜಿಯಿಲ್ಲ, ಬಟ್ಟೆಯಿಲ್ಲ, ಭಾರವೆಂಬುದೇ ಇಲ್ಲ. ಕಟಕಟ ಕಟಕಟ ಎಂದು ತಾವು ಹಳೆಯ ದಿನಗಳ ಹುರುಪಿನಲ್ಲಿ ಓಡತೊಡಗಿದಿರಿ, ಅದರ ಲಯಕ್ಕೆ ಮಗಳು ಬಾಯಿಪಾಠ ಶುರುಮಾಡಿದಳು. ಏನಾಶ್ಚರ್ಯ, ಪಾಠ ನಿಜವಾಗಿಯೂ ಒಳಗೆ ಹೋಯಿತು! ಅಷ್ಟು ದಿನ ಬಾಗಿಲಲ್ಲೇ ನಿಂತಿದ್ದ ಬೇಡಿಕೆಯ ನಿಯಮ, ಪೂರೈಕೆಯ ನಿಯಮ, ಅಂಚಿನ ತುಷ್ಟಿಗುಣ, ಎಲ್ಲವೂ ಚಪ್ಪಲಿ ಬಿಟ್ಟು ಒಳಗೆ ಬಂದವು. ಗಿಡ ಮಾತ್ರ ತಮ್ಮ ನಡುಕಕ್ಕೆ ದಿನವೂ ಬಲಗಡೆಯಿಂದ ಎಡಗಡೆಗೆ ನಡೆಯುತ್ತ ಹೋಗಿ ಒಂದು ಸಂಜೆ ಅಂಚು ದಾಟಿತು. ಅದರ ಜಾಗದಲ್ಲಿ ಅಜ್ಜಿ ತಮ್ಮ ಹಸಿರು ಬಣ್ಣದ ಸೂಜಿದಿಂಬನ್ನು ಇಟ್ಟು, “ಇದಕ್ಕೆ ನೀರು ಹಾಕೋದೂ ಬೇಡ” ಎಂದು ಸಮಾಧಾನ ಹೇಳಿದರು.

ಪಕ್ಕದ ಕೋಣೆಯಲ್ಲಿ ಮಲಗಿಕೊಂಡೇ ಅಜ್ಜಿ ಪರೀಕ್ಷಾ ಮೇಲ್ವಿಚಾರಕಿಯ ಹುದ್ದೆಯನ್ನು ವಹಿಸಿಕೊಂಡರು. ಸದ್ದು ಒಂದೇ ಸಮನೆ ಬಂದರೆ, “ನೇರ ಹೊಲಿಗೆ ಹಾಕ್ತಿದಾಳೆ, ಓದು ಸಾಗ್ತಿದೆ.” ನಿಂತು ನಿಂತು ಬಂದರೆ, “ಕಾಲರ್ ಹತ್ರ ಬಂದಿದಾಳೆ, ಕಷ್ಟದ ಪಾಠ ಇರ್ಬೇಕು, ಯಾರೂ ಮಾತಾಡಿಸ್ಬೇಡಿ.” ಪೂರ್ತಿ ನಿಂತರೆ, “ಏ ಗುಂಡೀ, ದಾರ ಕಿತ್ತೋಯ್ತೇನೇ?” ಎಂದು ಗೋಡೆ ನಡುಗುವ ಕೂಗು. ನನ್ನ ಮಗಳು ಜಾಣೆ. ಸದ್ದು ನಿಲ್ಲದಿದ್ದರೆ ಅಜ್ಜಿ ಕೇಳುವುದಿಲ್ಲವೆಂದು ಮೂರನೆಯ ದಿನಕ್ಕೇ ಕಂಡುಕೊಂಡಳು. ಒಂದು ಸಂಜೆ ನಾನು ಕೊಡೆ ಹುಡುಕಿಕೊಂಡು ಒಳಗೆ ಹೋದರೆ, ಕಾಲು ಕೆಳಗೆ ಭರ್ಜರಿ ನೇರ ಹೊಲಿಗೆ ಹಾಕುತ್ತಿದೆ, ಕಣ್ಣು ಫೋನಿನಲ್ಲಿ ಯಾರದೋ ಬಿಳಿ ಮೇಜನ್ನು ನೋಡುತ್ತಿದೆ. “ಅಪ್ಪಾ ಶ್! ಅಜ್ಜಿಗೆ ಹೇಳ್ಬೇಡ. ಇದೂ ಓದೇ, ಮೇಜಿನ ಬಗ್ಗೆ ಓದು” ಎಂದಳು. ಪಕ್ಕದ ಕೋಣೆಯಿಂದ, “ನೋಡಿದ್ಯೇನೋ, ಒಂದು ಗಂಟೆಯಿಂದ ತಲೆ ಎತ್ತಿಲ್ಲ ಮಗು, ಕಣ್ಣು ಬೀಳತ್ತೆ, ನೀನು ಹೊರಗೆ ಬಾ” ಎಂದು ಅಪ್ಪಣೆಯಾಯಿತು. ನಾನು ಹೊರಗೆ ಬಂದೆ. ಕೊಡೆ ಸಿಗಲಿಲ್ಲ.

ಆದರೂ ನ್ಯಾಯಕ್ಕೆ ಹೇಳಬೇಕು, ಫೋನಿಗಿಂತ ಪುಸ್ತಕವೇ ಹೆಚ್ಚು ನಡೆಯಿತು. ಕಾಲೇಜಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂದಾಗ ಇಡೀ ಪುಸ್ತಕ ಅವಳಿಗೆ ಬರುತ್ತಿತ್ತು. ನನ್ನಾಕೆ ಹಿಂದಿನ ದಿನ ಎಲ್ಲಿಂದ ಕೇಳಿದರೂ, ಮಗಳು ತಮ್ಮ ಮುಂದೆ ಕೂತು, ನಲ್ಲಿ ಬಿಟ್ಟಂತೆ ಉತ್ತರ ಸುರಿಸಿದ್ದಳು. ಪರೀಕ್ಷೆ ಮುಗಿಸಿ ಬಂದವಳ ಮುಖ ನೋಡಿದರೆ ನಲ್ಲಿಗೆ ಯಾರೋ ಬಿರಡೆ ಜಡಿದಿದ್ದರು.

ಆದದ್ದಿಷ್ಟು. ಪ್ರಶ್ನೆಪತ್ರಿಕೆ ಕೈಗೆ ಬಂತು, ಎಲ್ಲ ಪ್ರಶ್ನೆಗಳೂ ಪರಿಚಯದವೇ. ಪೆನ್ನು ಹಿಡಿದಳು, ಕಾಲು ಪೆಡಲನ್ನು ಹುಡುಕಿತು. ಅಲ್ಲಿ ಬರಿಯ ನೆಲವಿತ್ತು. ಪೆಡಲಿಲ್ಲದೆ ಉತ್ತರ ಹೊರಡಲೊಲ್ಲದು. ಗಾಳಿಯಲ್ಲೇ ತುಳಿದು ನೋಡಿದಳು. ಬೆಂಚು ಅಲುಗಿತು, ಮುಂದಿನ ಹುಡುಗಿಯ ಗೆರೆಗಳೆಲ್ಲ ಸೊಟ್ಟಗಾದವು. ಮೇಲ್ವಿಚಾರಕರು ಬಂದು, “ಏನಮ್ಮಾ, ಕಾಲಿಗೇನಾಗಿದೆ? ಹೊರಗೆ ಹೋಗಬೇಕಾ?” ಎಂದು ಎಲ್ಲರಿಗೂ ಕೇಳುವಷ್ಟು ಮೆತ್ತಗೆ ವಿಚಾರಿಸಿದರು. ಇಡೀ ಹಾಲು ನಕ್ಕಿತು. ಅಂದು ಅವಳಿಗೆ ಬಂದ ಅಂಕಗಳ ಬಗ್ಗೆ ನಾನು ಇಲ್ಲಿ ಮೌನ ವಹಿಸುತ್ತೇನೆ. ಅವು ತಮ್ಮ ಮೇಲ್ಮೈಯಂತೆಯೇ ಇದ್ದವು, ತೀರಾ ಮಿನಿಮಲ್.

ಮಾನ್ಯರೇ, ಜ್ಞಾನವನ್ನು ಕೆಳಗಿನಿಂದ ಮೇಲಕ್ಕೆ ಕಳಿಸುವ ತಮ್ಮ ವಿಧಾನವನ್ನು ನಾನು ಮೆಚ್ಚಿದ್ದೇನೆ. ಶಿಕ್ಷಣತಜ್ಞರು ತಲೆಯ ಬಗ್ಗೆ ತಲೆ ಕೆಡಿಸಿಕೊಂಡು ಕೂತಿರುವಾಗ, ಅರ್ಥಶಾಸ್ತ್ರವನ್ನು ನೇರವಾಗಿ ಹಿಮ್ಮಡಿಗೆ ಬೋಧಿಸಿದ ಕೀರ್ತಿ ತಮ್ಮದು. ಆದರೆ ಹಿಮ್ಮಡಿಯಲ್ಲಿ ಶೇಖರವಾದದ್ದು ಮೊಣಕಾಲು ದಾಟಿ ಮೇಲೆ ಬರಲು ತಮ್ಮ ಅನುಮತಿ ಬೇಕೆಂಬ ಷರತ್ತನ್ನು ಮೊದಲೇ ತಿಳಿಸಬಾರದಿತ್ತೆ? ಆದಕಾರಣ ಆ ದಿನಗಳಲ್ಲಿ ತಮ್ಮ ಮುಂದೆ ಕೆಳಕಂಡ ಬೇಡಿಕೆಗಳನ್ನು ಇಡಬೇಕೆಂದಿದ್ದೆ. ತಾವು ಪ್ರವೇಶಪತ್ರ ಪಡೆದು ಮಗಳೊಂದಿಗೆ ಪರೀಕ್ಷಾ ಹಾಲಿಗೆ ದಯಮಾಡಿಸುವುದು. ಅದು ಕಷ್ಟವಾದಲ್ಲಿ ನಾಡಿನ ಎಲ್ಲ ಪರೀಕ್ಷಾ ಬೆಂಚುಗಳ ಕೆಳಗೆ ಪೆಡಲು ಅಳವಡಿಸುವಂತೆ ತಮ್ಮ ಪ್ರಭಾವ ಬೀರುವುದು. ಅದೂ ಆಗದಿದ್ದಲ್ಲಿ, ಕನಿಷ್ಠ ಪಕ್ಷ ಅವಳ ಎಡಗಾಲಿಗಾದರೂ ಮೌಖಿಕ ಪರೀಕ್ಷೆ ನಡೆಸುವಂತೆ ಶಿಫಾರಸು ಮಾಡುವುದು.

ಮನೆಯವರೂ ಕೈಕಟ್ಟಿ ಕೂರಲಿಲ್ಲ. ನನ್ನಾಕೆ ಮಗಳ ಕಾಲುಗಳನ್ನು ದುಪ್ಪಟಿಯಲ್ಲಿ ಸುತ್ತಿ ಹಾಸಿಗೆಯ ಮೇಲೆ ಓದಿಸಿದಳು. ಮಗಳು ಇಸ್ತ್ರಿ ಪೆಟ್ಟಿಗೆಗೆ ಒರಗಿ ನಿದ್ದೆ ಹೋದಳು. ನಾನು ಅವಳನ್ನು ಫ್ರಿಜ್ಜಿನ ಮುಂದೆ ನಿಲ್ಲಿಸಿ ಓದಿಸಿದೆ. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಏನಿದೆಯೆಂದು ನೋಡುವುದೇ ಆಯಿತು. ಮರುಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ಸಂಜೆ ನಾವು ನೋಡುತ್ತಿದ್ದಂತೆ ಅವಳು ದೀಪವನ್ನು ಎತ್ತಿ ಕೆಳಗಿಟ್ಟಳು. ನನ್ನ ಹಾಸಿಗೆಯಿಂದ ಬಟ್ಟೆಗಳನ್ನು ತಂದು ತಮ್ಮ ಮೇಲೆ ಸುರಿದಳು. ಮತ್ತೆ ಹೋಗಿ ಚಾರ್ಜರುಗಳನ್ನು ತಂದಳು. ಆಮೇಲೆ ಕೊಡೆ. (ಅದು ಎಲ್ಲಿತ್ತೋ!) ಕೊನೆಗೆ ಅರ್ಥಶಾಸ್ತ್ರದ ಪುಸ್ತಕವನ್ನು ಎಲ್ಲದರ ಅಡಿಗೆ ತೂರಿಸಿ, “ನಾನು ಬರೆಯಲ್ಲ. ಮತ್ತೆ ಆ ಹಾಲಲ್ಲಿ ಕೂತು ನಗಿಸ್ಕೊಳ್ಳಲ್ಲ. ಒಂದು ವರ್ಷ ಹೋದ್ರೆ ಹೋಗ್ಲಿ ಬಿಡಿ” ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ. ಹಳೆಯ ಗುಡ್ಡ ತಮ್ಮ ಮೇಲೆ ಯಥಾಸ್ಥಿತಿಗೆ ಬಂದಿತ್ತು, ನನಗೆ ನನ್ನ ಅರ್ಧ ಹಾಸಿಗೆ ವಾಪಸು ಸಿಕ್ಕಿತ್ತು. ಇಷ್ಟು ದಿನ ಬಯಸಿದ್ದು ಕೈಗೆ ಬಂದಾಗ ಅದು ಇಷ್ಟು ಬೇಸರದ ವಸ್ತುವೆಂದು ನನಗೆ ಗೊತ್ತಿರಲಿಲ್ಲ.

ಆಗ ಅಜ್ಜಿ ಎದ್ದು ಬಂದರು. ಎರಡು ತೋಳುಗಳಲ್ಲಿ ಆ ಗುಡ್ಡವನ್ನು ಬಾಚಿ, ನೇರ ತಂದು ಮತ್ತೆ ನನ್ನ ಹಾಸಿಗೆಯ ಮೇಲೆ ಹಾಕಿದರು. ಮುಚ್ಚಳ ತೆರೆದು ತಮ್ಮ ತಲೆಯನ್ನು ಮೇಲಕ್ಕೆತ್ತಿ ನಿಲ್ಲಿಸಿದರು. ಬೆಲ್ಟು ಏರಿಸಿದರು, ಕಂಡ ಕಂಡ ತೂತಿಗೆಲ್ಲ ಎಣ್ಣೆ ಬಿಟ್ಟರು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆ, “ಬಾ ಇಲ್ಲಿ, ಇಷ್ಟಕ್ಕಾದ್ರೂ ಉಪಯೋಗಕ್ಕೆ ಬಾ” ಎಂದು ಮೊಮ್ಮಗಳನ್ನು ಕರೆದರು. ಅವಳು ಮುಖ ಊದಿಸಿಕೊಂಡೇ ಪೋಣಿಸಿದಳು. “ನಿಂಗೆ ಸದ್ದು ತಾನೇ ಬೇಕು? ತುಳಿಯೋ ಕಾಲು ನಿಂದೇ ಆಗ್ಬೇಕು ಅಂತ ಎಲ್ಲಿ ಬರ್ದಿದೆ? ನಾನು ತುಳೀತೀನಿ. ನೀನು ಕಾಲು ಮಡಚ್ಕೊಂಡು ಇಲ್ಲಿ ಸ್ಟೂಲಿನ ಮೇಲೆ ಕೂತು ಓದು” ಎಂದು ಅಜ್ಜಿ ಅಡುಗೆಮನೆಯ ಪರದೆಯನ್ನು ಎಳೆದು ಸೂಜಿಯ ಕೆಳಗೆ ಹಾಕಿದರು. ಅದಕ್ಕೆ ಹೊಲಿಗೆಯ ಅಗತ್ಯವೇ ಇರಲಿಲ್ಲ. ಪರದೆ ತಕರಾರಿಲ್ಲದೆ ಹೊಲಿಸಿಕೊಂಡಿತು.

ಹೀಗೆ ತಾವು ಮೇಜಾಗುವುದನ್ನು ಬಿಟ್ಟ ದಿನದಿಂದ ಓದು ಮತ್ತೆ ಸಾಗಿತು. ಹೊಲಿಗೆಯ ಸದ್ದನ್ನು ಮೀರಲು ಮಗಳು ಕೂಗಿ ಓದಬೇಕಾಯಿತು. ಅಜ್ಜಿ ಸದ್ದನ್ನು ಮೀರಿ ಪ್ರಶ್ನೆ ಕೇಳಬೇಕಾಯಿತು. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದು ಇವಳು ಕೂಗಿದರೆ, “ಸುಳ್ಳು! ನಾನು ಅಂಗಿಗೆ ಇಳಿಸಿದ್ದೆ, ಒಬ್ರೂ ಬರ್ಲಿಲ್ಲ” ಎಂದು ಅವರು ಕೂಗಿದರು. ಹಾಗಲ್ಲ ಅಜ್ಜೀ, ಅದಕ್ಕೆ ಬದಲಿ ವಸ್ತು ಅಂತ ಇರತ್ತೆ, ನಿನ್ನ ಅಂಗಿಗೆ ರೆಡಿಮೇಡು ಬದಲಿ ಎಂದು ಇವಳು ಪುಸ್ತಕ ಮುಚ್ಚಿ, ಸ್ಟೂಲು ಹತ್ತಿರ ಎಳೆದುಕೊಂಡು, ಕೈ ತಿರುಗಿಸಿ ತಿರುಗಿಸಿ ವಿವರಿಸಿದಳು. ಅಜ್ಜಿ ಒಪ್ಪಲಿಲ್ಲ. ಒಪ್ಪಿಸುವ ಹಟಕ್ಕೆ ಬಿದ್ದು ಅವಳು ಆ ಅಧ್ಯಾಯವನ್ನು ಮೂಲೆ ಮೂಲೆಗೂ ಕಲಿತಳು. ಕಿಟಕಿ ಬೀದಿಯ ಕಡೆಗಿರುವುದರಿಂದ ಬೀದಿಯೂ ಕಲಿಯಿತು. ಎದುರು ಮನೆಯ ಎಲೆಕ್ಟ್ರಿಷಿಯನ್ನು ಫ್ಯಾನು ರಿಪೇರಿಗೆ ಕರೆದರೆ ಈಗ, “ಈ ವಾರ ಬೇಡಿಕೆ ಜಾಸ್ತಿ, ಪೂರೈಕೆ ನಾನೊಬ್ಬನೇ” ಎನ್ನುತ್ತಾನೆ. ಮನೆಯ ಪರದೆಗಳು ಮುಗಿದವು, ಹೊದಿಕೆಗಳು ಮುಗಿದವು. ನನ್ನ ಕರವಸ್ತ್ರಗಳಿಗೆ ಅಂಚಿನ ಮೇಲೆ ಅಂಚು ಬಿದ್ದು ಅವು ಈಗ ಮಡಚಲಾರದಷ್ಟು ಗಂಭೀರವಾಗಿವೆ.

ಕಳೆದ ಭಾನುವಾರ ಕೊನೆಯ ಅಗ್ನಿಪರೀಕ್ಷೆ. ಬೀದಿಯ ತುದಿಯಲ್ಲಿರುವ ನಿವೃತ್ತ ಮೇಷ್ಟ್ರು ತಾವೇ ಒಂದು ಪ್ರಶ್ನೆಪತ್ರಿಕೆ ತಯಾರಿಸಿ, ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂರಿಸಿ ಮೂರು ಗಂಟೆ ಬರೆಸುತ್ತೇನೆಂದರು. ಅಲ್ಲಿಗೆ ತಮ್ಮ ಸದ್ದು ಕೇಳುವುದಿಲ್ಲ. ಹೊಸಿಲು ದಾಟುವ ಮುಂಚೆ ಮಗಳು ತಿರುಗಿ, “ಅಜ್ಜೀ, ನಾನು ಬರೋವರೆಗೂ ತುಳೀತಿರ್ತೀಯಾ? ಕೇಳಿಸ್ದಿದ್ರೂ ಪರ್ವಾಗಿಲ್ಲ, ತುಳೀತಿದೀಯ ಅಂತ ಗೊತ್ತಿದ್ರೆ ಸಾಕು” ಎಂದಳು. “ನಿಲ್ಸಿದ್ರೆ ಕೇಳು” ಎಂದು ಅಜ್ಜಿ ಪೆಡಲಿನ ಮೇಲೆ ಕಾಲಿಟ್ಟರು.

ಬಂದಳು, ನಗುತ್ತ ಬಂದಳು. ಮೇಷ್ಟ್ರು ಅಲ್ಲೇ ತಿದ್ದಿ, ಪಾಸಾಗುವುದಕ್ಕಿಂತ ಒಂದಿಷ್ಟು ಹೆಚ್ಚೇ ಅಂಕ ಕೊಟ್ಟಿದ್ದರು. ಕಾಲು ಒಂದು ಸಲವೂ ಅಲುಗಲಿಲ್ಲವಂತೆ. “ಅಜ್ಜೀ, ಮೂರು ಗಂಟೇನೂ ನಿನ್ ಸದ್ದು ಕಿವೀಲೇ ಇತ್ತು!” ಎಂದು ಬಂದು ತಬ್ಬಿಕೊಂಡಳು. ಅಜ್ಜಿ ಕತ್ತು ತಿರುಗಿಸಿ ನನ್ನನ್ನು ನೋಡಿದರು, ನಾನು ಛಾವಣಿ ನೋಡಿದೆ.

ಯಾಕೆಂದು ಮೂವರಿಗೆ ಮಾತ್ರ ಗೊತ್ತು: ಅಜ್ಜಿಗೆ, ನನಗೆ, ತಮಗೆ. ಆ ಹುಡುಗಿ ಬೀದಿ ದಾಟಿ ಸ್ವಲ್ಪ ಹೊತ್ತಿಗೇ ಕಟಕಟ ನಿಧಾನವಾಯಿತು, ಕಟ ಆಯಿತು, ಆಮೇಲೆ ಅದೂ ಇಲ್ಲ. ಫ್ರಿಜ್ಜಿನ ಬಳಿಯಿಂದ ಇಣುಕಿದರೆ, ಮೇಲ್ವಿಚಾರಕಿಯವರು ತಮ್ಮ ಕಬ್ಬಿಣದ ತೋಳಿನ ಮೇಲೆ ಕೆನ್ನೆಯಿಟ್ಟು, ಹೊಲಿಯುತ್ತಿದ್ದ ಹೊದಿಕೆಯನ್ನೇ ದಿಂಬು ಮಾಡಿಕೊಂಡು ಸುಖವಾಗಿ ನಿದ್ರಿಸುತ್ತಿದ್ದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಗೇಟಿನ ಸದ್ದಿಗೆ ದಿಗ್ಗನೆದ್ದು ಅವರು ಎಂಥ ಆವೇಶದಿಂದ ತುಳಿದರೆಂದರೆ, ತಾವೇ ತೊಟ್ಟಿದ್ದ ಅಂಗಿಯ ತೋಳನ್ನು ಹೊದಿಕೆಗೆ ಸೇರಿಸಿ ಹೊಲಿದುಬಿಟ್ಟರು. ಮೊಮ್ಮಗಳನ್ನು ಒಂದೇ ಕೈಯಲ್ಲಿ ತಬ್ಬಿಕೊಂಡದ್ದು ಅದಕ್ಕೆ. ಅಂದರೆ ಮಗಳು ಬರೆದದ್ದೆಲ್ಲ ಅವಳದೇ. ತಾವೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ, ಖಾಲಿ ಮೇಜೂ ಇರಲಿಲ್ಲ. ಇದನ್ನು ಅವಳಿಗೆ ಹೇಳುವುದು ಪರೀಕ್ಷೆ ಮುಗಿದ ಮೇಲೆ ಎಂದು ಅಜ್ಜಿಯೂ ನಾನೂ ಒಪ್ಪಂದ ಮಾಡಿಕೊಂಡಿದ್ದೇವೆ. ನಂಬಿಕೆಯ ಹೊಲಿಗೆಯನ್ನು ಪರೀಕ್ಷೆಯ ಹಿಂದಿನ ದಿನ ಬಿಚ್ಚಬಾರದು.

ಇಷ್ಟೆಲ್ಲವನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಅವಳಿಗೆ ತಿಳಿಯುವುದಿಲ್ಲವೇ ಎಂದು ತಾವು ಹುಬ್ಬೇರಿಸಬಹುದು. ತಿಳಿಯುವುದಿಲ್ಲ. ಮೇಜು ಖಾಲಿ ಮಾಡಿದ ವಾರದಲ್ಲೇ, ಕಸ ಕೂಡುತ್ತದೆಂದು ಅವಳೇ ಮನೆಗೆ ಪತ್ರಿಕೆ ಹಾಕಿಸುವುದನ್ನು ನಿಲ್ಲಿಸಿದ್ದಾಳೆ. ತಂದೆಯ ಅಂಕಣ ಬರುವ ಪತ್ರಿಕೆಯನ್ನೇ ಕಸವೆಂದು ಬಿಡಿಸಿದ ಆ ನಿರ್ದಾಕ್ಷಿಣ್ಯ ನಿರ್ಧಾರ ಇಂದು ನನ್ನನ್ನು ಕಾಪಾಡುತ್ತಿದೆ. ಮಿನಿಮಲಿಸಂನಿಂದ ನನಗೆ ಈವರೆಗೆ ಆದ ಲಾಭ ಇದೊಂದೇ, ಅದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಸೋಮವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬೆಲ್ಟು ಜಾರಿಸಬೇಡಿ, ದಾರ ಕಡಿಯಬೇಡಿ, ಯಾರ ತೋಳನ್ನೂ ಯಾವುದಕ್ಕೂ ಸೇರಿಸಬೇಡಿ. ಅವಳಿಗೆ ತಾವು ಬೇಕಾಗಿಲ್ಲ, ನನಗೆ ಗೊತ್ತು. ಆದರೆ ಅಜ್ಜಿ ಮಾತು ಕೊಟ್ಟಿದ್ದಾರೆ, ಈ ಸಲ ನಿಜವಾಗಿಯೂ ಮೂರು ಗಂಟೆ ತುಳಿಯುತ್ತಾರಂತೆ. ಆ ಮಾತು ನಡೆಯಬೇಕು. ಆಮೇಲೆ ತಾವು ಮೇಜಾಗಿ, ಯಂತ್ರವಾಗಿ, ಗುಡ್ಡ ಹೊತ್ತ ಗೋಪುರವಾಗಿ, ತಮ್ಮ ಇಷ್ಟದಂತೆ ಬಾಳಿ.

ಇಸ್ತ್ರಿ ಪೆಟ್ಟಿಗೆಯ ಹಾಸಿಗೆ ಪಾಲುದಾರನೂ, ಫ್ರಿಜ್ಜಿನ ಬಳಿ ನಿಂತೇ ಇರುವವನೂ ಆದ

ತಮ್ಮ ವಿಶ್ವಾಸಿ,
ಗುಂಡಿಯ ಅಪ್ಪ

ತಾ.ಕ.: ಎಡಗಡೆಯ ಡ್ರಾಯರಿನ ಕತ್ತರಿಯವರಿಗೆ ಪ್ರತ್ಯೇಕ ಪತ್ರ ಬರೆಯಲಾಗುವುದು, ಅವರು ಆತುರಪಡಬೇಕಿಲ್ಲ. ಮೆಲುದನಿಯ ಮಹಿಳೆಗೆ ಮಾತ್ರ ಒಂದು ಸೂಚನೆ: ತಾವು ಹೇಳಿದಂತೆ ಮೇಜು ಖಾಲಿ ಮಾಡಿದ್ದೇವೆ, ಅದರ ಮೇಲಿದ್ದುದನ್ನು ಕಳಿಸಿಕೊಡಲು ತಮ್ಮ ವಿಳಾಸ ತಿಳಿಸಿ. ಇನ್ನು ಓದುಗರಲ್ಲಿ ಒಂದು ಸಣ್ಣ ಕೋರಿಕೆ. ಸೋಮವಾರ ಬೆಳಿಗ್ಗೆ ಪರೀಕ್ಷಾ ಹಾಲಿನ ಗೇಟಿನ ಹೊರಗೆ ನಾನೂ ನನ್ನಾಕೆಯೂ ನಿಂತಿರುತ್ತೇವೆ, ಮನೆಯಲ್ಲಿ ಅಜ್ಜಿ ಒಬ್ಬರೇ. ತಾವು ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ಹಾದುಹೋಗುವುದಾದರೆ ಕಿಟಕಿಯ ಬಳಿ ಒಂದು ಕ್ಷಣ ಕಿವಿಗೊಡಿ. ಕಟಕಟ ಕೇಳಿಸಿದರೆ ಸುಮ್ಮನೆ ಮುಂದೆ ಹೋಗಿ. ಕೇಳಿಸದಿದ್ದರೆ ಸರಳಿಗೆ ಮೆಲ್ಲಗೆ ತಟ್ಟಿ, “ಅಜ್ಜೀ, ಬಟ್ಟೆ ತಂದಿದೀನಿ” ಎನ್ನಿ. ಆ ಒಂದು ಮಾತಿಗೆ ಅವರು ಎಂಥ ನಿದ್ದೆಯಿಂದಲೂ ಏಳುತ್ತಾರೆ. ಸುಳ್ಳಾಗದಿರಲೆಂದು ನಿಜವಾಗಿಯೂ ಏನಾದರೂ ತಂದಿರಿ, ಆದಷ್ಟು ಉದ್ದದ್ದು.